ಗೋಡೆಯಾಚೆಯ ಕೋವಿ

ನಮ್ಮ ಪಕ್ಕದ ಮನೆಯ ರಾಯರು ಬಂದೂಕು ತೆಗೆದುಕೊಳ್ಳುವವರಿದ್ದಾರೆ. ಎದುರು ಕಟ್ಟಡದವರು ತೆಗೆದುಕೊಂಡಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಟೆಕ್ಸಾಸಿನಲ್ಲಿದ್ದುಕೊಂಡು ಅದಕ್ಕೆಲ್ಲ ಬೆಚ್ಚುತ್ತ ಕೂತರೆ ತರಕಾರಿ ತರುವುದಕ್ಕೂ ಹೊರಗೆ ಹೋಗುವಂತಿಲ್ಲ. ಆದರೆ ರಾಯರು ಮಲಗುವ ಕೋಣೆಗೂ ನಮ್ಮ ದೇವರ ಗೂಡಿಗೂ ನಡುವೆ ಇರುವುದು ಒಂದೇ ಗೋಡೆ. ಹೀಗಾಗಿ ಅವರು ಯಾವ ಬಂದೂಕು ಕೊಳ್ಳಬೇಕು, ಅದಕ್ಕೆ ಎಂಥ ಗುಂಡು ಹಾಕಬೇಕು, ಮಂಚವನ್ನು ಯಾವ ದಿಕ್ಕಿಗೆ ಎಳೆಯಬೇಕು ಎಂಬುದರಲ್ಲೆಲ್ಲ ನನಗೆ ಈಚೆಗೆ ವಿಪರೀತ ಆಸಕ್ತಿ.

ಮಾತು ಶುರುವಾದದ್ದು ಬಾಲ್ಕನಿಯಲ್ಲಿ. ಡಲ್ಲಾಸಿನ ಉತ್ತರಕ್ಕಿರುವ ಈ ಬಾಡಿಗೆ ಕಟ್ಟಡದಲ್ಲಿ ಎರಡು ಮನೆಗಳ ಬಾಲ್ಕನಿಗೆ ಮರದ ಪಟ್ಟಿಯ ಅಡ್ಡ ಬಿಟ್ಟರೆ ಬೇರೆ ಮರೆಯಿಲ್ಲ. ಸಂಜೆ ಚಹಾದ ಲೋಟ ಹಿಡಿದು ರಾಯರು ಆ ಕಡೆ, ನಾನು ಈ ಕಡೆ. ಆ ವಾರ ಪಾರ್ಕಿಂಗಿನಲ್ಲಿ ಸಾಲಾಗಿ ಕಾರುಗಳ ಗಾಜು ಒಡೆದಿದ್ದರು. ರಾತ್ರಿ ಯಾರೋ ಬಾಗಿಲ ಹಿಡಿಕೆ ತಿರುಗಿಸಿ ನೋಡಿದರೆಂದು ವಾಟ್ಸಾಪಿನಲ್ಲಿ ಒಬ್ಬರು ಬರೆದರು, ಮಿಕ್ಕವರು ಉಪ್ಪು ಖಾರ ಹಚ್ಚಿದರು. ರಾಯರು ಪಟ್ಟಿಯ ಸಂದಿಗೆ ಮೂಗು ತಂದು ಕೇಳಿದರು: “ಗೌಡ್ರ, ನೀವು ತೀರ್ಥಹಳ್ಳಿ ಕಡೇವ್ರು. ನಿಮ್ಮಲ್ಲೆ ಮನಿಗೊಂದು ಬಂದೂಕು ಇರತಾವಂತ. ಮೊದಲನೇ ಸರ್ತಿ ತೊಗೊಳ್ಳೋರಿಗೆ ಯಾವುದು ಛಲೋರಿ?”

ಧಾರವಾಡದವರಿಗೆ ಮಲೆನಾಡು ಎಂದರೆ ಹಾಗೆಯೇ, ಮನೆಗೊಂದು ಕೋವಿ, ಮರಕ್ಕೊಂದು ಹುಲಿ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ತೋಟೆ ಕೋವಿ ಇದ್ದದ್ದು ನಿಜ. ಬೆಳೆ ರಕ್ಷಣೆಯ ಲೈಸೆನ್ಸು. ಅದರ ಶತ್ರುಗಳು ಮಂಗ, ಕಾಡುಹಂದಿ. ಮನುಷ್ಯನ ಮೇಲೆ ಅದನ್ನು ಎತ್ತುವ ಯೋಚನೆ ದೊಡ್ಡಪ್ಪನಿಗೆ ಡಿ.ಸಿ. ಕಚೇರಿಯ ಗುಮಾಸ್ತರನ್ನು ಕಂಡಾಗ ಬಿಟ್ಟರೆ ಬೇರೆ ಯಾವಾಗಲೂ ಬಂದಿರಲಾರದು. ಚುನಾವಣೆ ಘೋಷಣೆಯಾಯಿತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರಬೇಕು. ನೀತಿ ಸಂಹಿತೆ ಜಾರಿಯಾದದ್ದು ಅಭ್ಯರ್ಥಿಗಳಿಗಿಂತ ಮೊದಲು ಮಂಗಗಳಿಗೆ ತಿಳಿಯುತ್ತಿತ್ತು; ಎಣಿಕೆ ಮುಗಿಯುವ ತನಕ ಬಾಳೆಗೊನೆಯೆಲ್ಲ ಅವುಗಳದೇ. ಕೊಡಗಿನವರ ಲೆಕ್ಕ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದಲೇ ವಿನಾಯಿತಿ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಮಿಕ್ಕ ನಮ್ಮಂಥವರಿಗೆ 1959ರ ಕಾಯ್ದೆ, ಪೊಲೀಸ್ ವರದಿ, ವರ್ಷಗಟ್ಟಲೆ ಅಲೆದಾಟ. ಇಲ್ಲಿ ಅಂಗಡಿಗಳಲ್ಲಿ ಪೆಟ್ಟಿಗೆಗಟ್ಟಲೆ ಪೇರಿಸಿಟ್ಟಿರುವ 9 ಎಂಎಂ ಪಿಸ್ತೂಲು ಅಲ್ಲಿ ಸಾಮಾನ್ಯ ನಾಗರಿಕ ಮುಟ್ಟುವಂತೆಯೇ ಇಲ್ಲ, ಅದು ನಿಷೇಧಿತ ಬೋರು.

ನಾನು ಮೊದಲು ಕಾನೂನಿನ ಹಿಂದೆ ಅಡಗಿಕೊಳ್ಳಲು ನೋಡಿದೆ. “ರಾಯರೇ, ನೀವು ಎಚ್-1ಬಿ. ವೀಸಾದ ಮೇಲೆ ಇರುವವರು ಇಲ್ಲಿ ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಹಸಿರು ಕಾರ್ಡು ಬರಲಿ.” ಹಸಿರು ಕಾರ್ಡಿನ ಸರತಿಯಲ್ಲಿ ಭಾರತೀಯರು ಎಷ್ಟು ಕಾಲ ನಿಲ್ಲಬೇಕೆಂಬುದು ಗೊತ್ತಿದ್ದವರಿಗೆ ನನ್ನ ನೆಮ್ಮದಿ ಅರ್ಥವಾಗುತ್ತದೆ. ಆದರೆ ರಾಯರು ಸಾಫ್ಟ್‌ವೇರಿನವರು, ನಿಯಮದ ಸಂದಿ ಹುಡುಕುವುದೇ ಅವರ ಕಸುಬು. ಮರುದಿನ ಸಂಜೆಯೇ ಸಂದಿಯೊಂದಿಗೆ ಬಂದರು. ವೀಸಾದವನೂ ಕೊಳ್ಳಬಹುದು, ಅವನ ಕೈಯಲ್ಲಿ ಅಮೆರಿಕದ ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸು ಇದ್ದರೆ! ಇದು ತಮಾಷೆಯಲ್ಲ, ಫೆಡರಲ್ ಕಾನೂನಿನಲ್ಲೇ ಇರುವ ವಿನಾಯಿತಿ. ಡಲ್ಲಾಸಿನ ಮನೆಯಲ್ಲಿ ಕಳ್ಳನಿಗೆ ಹೆದರುವವನು ಜಿಂಕೆ ಹೊಡೆಯುವ ಅರ್ಹತೆ ಪಡೆದಿರಬೇಕು.

ಈರುಳ್ಳಿಯನ್ನೂ ಚಾತುರ್ಮಾಸದಲ್ಲಿ ಬಿಡುವ ರಾಯರು ಟೆಕ್ಸಾಸಿನ ಬೇಟೆಗಾರರ ಪಾಠಕ್ಕೆ ಕೂತರು. 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರೆಲ್ಲ ಅದನ್ನು ಮುಗಿಸಲೇಬೇಕು. ದೊಡ್ಡವರಿಗೆ ಕಂಪ್ಯೂಟರಿನಲ್ಲೇ ಮುಗಿಯುತ್ತದೆ. ಒಂದು ವಾರ ಸಂಜೆಯೆಲ್ಲ ಜಿಂಕೆಯ ಪುಪ್ಪುಸ ಎಲ್ಲಿ, ಹೃದಯ ಎಲ್ಲಿ, ಹೊಡೆದ ಪ್ರಾಣಿಯನ್ನು ಕಾಡಿನಲ್ಲೇ ಹೇಗೆ ಸ್ವಚ್ಛ ಮಾಡಬೇಕು ಎಂದು ಕಣ್ಣು ಅರೆಮುಚ್ಚಿ ಓದಿದರು. ಅವರ ಹೆಂಡತಿ ವೈನಿ ಆ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆಮೇಲೆ 25 ಡಾಲರ್ ಕೊಟ್ಟು ಲೈಸೆನ್ಸು. ಅದರಲ್ಲೂ ಒಂದು ಕೊಕ್ಕೆ ಇದೆ: ಟೆಕ್ಸಾಸಿನ ಬೇಟೆ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸಲು ಮರೆತರೆ ಸೆಪ್ಟೆಂಬರ್ ಒಂದರ ಬೆಳಗ್ಗೆ ಏಳುವಾಗ ರಾಯರು ತಮ್ಮ ದಿಂಬಿನ ಪಕ್ಕದ ಬಂದೂಕಿನ ಸಮೇತ ಅಪರಾಧಿ.

ಇನ್ನು ಆಯ್ಕೆ. ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಗಾಜಿನ ಕೌಂಟರಿನ ಹಿಂದೆ ಬಿಳಿಗಡ್ಡದ ಅಜ್ಜ. ರಾಯರು ಅಪಾರ್ಟ್‌ಮೆಂಟ್ ಎಂದ ತಕ್ಷಣ ಅವನು ಕೇಳಿದ ಮೊದಲ ಪ್ರಶ್ನೆ, “ಗೋಡೆಯ ಆಚೆ ಯಾರಿದ್ದಾರೆ?” ರಾಯರು ನನ್ನ ಕಡೆ ಬೆರಳು ತೋರಿಸಿದರು. ಅಜ್ಜ ಟೋಪಿ ಮುಟ್ಟಿ ನನಗೊಂದು ನಮಸ್ಕಾರ ಹಾಕಿದ. ಆ ನಮಸ್ಕಾರ ನನಗೆ ಅಷ್ಟು ಹಿಡಿಸಲಿಲ್ಲ.

ಈ ಊರಿನ ಗೋಡೆ ನೋಡದವರಿಗೆ ಹೇಳಬೇಕು. ಮನೆಯೊಳಗಿನ ಗೋಡೆಯೆಂದರೆ ಮರದ ಚೌಕಟ್ಟಿನ ಎರಡೂ ಬದಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಗಾಳಿ. ಹದಿನಾರು ಇಂಚಿಗೊಂದು ಮರದ ಕಂಬ. ಗಣಪತಿಯ ಪಟ ತೂಗು ಹಾಕಬೇಕಾದರೆ ಮೊದಲು ಕಂಬ ಹುಡುಕುವ ಯಂತ್ರ ತರಬೇಕು, ಇಲ್ಲದಿದ್ದರೆ ಗಣಪತಿ ಸುಣ್ಣದ ಪುಡಿ ಸಮೇತ ನೆಲಕ್ಕೆ. ಎರಡು ಮನೆಗಳ ನಡುವಿನದು ಬೆಂಕಿಯ ನಿಯಮಕ್ಕಾಗಿ ತುಸು ದಪ್ಪ, ಒಳಗೆ ಹತ್ತಿಯಂಥದೇನೋ ತುರುಕಿರುತ್ತಾರೆ. ಆದರೂ ರಾಯರ ಮನೆಯ ಕುಕ್ಕರ್ ಮೂರು ಸಲ ಕೂಗಿದರೆ ನನ್ನ ಹೆಂಡತಿ ಎದ್ದು ಹೋಗಿ ನಮ್ಮ ಒಲೆ ಆರಿಸುತ್ತಾಳೆ. ಬೆಂಕಿಯನ್ನು ಒಂದು ಗಂಟೆ ತಡೆಯುವ ಈ ಗೋಡೆಗೆ ಗುಂಡು ತಡೆಯುವ ಉದ್ದೇಶವೇ ಇಲ್ಲ. 9 ಎಂಎಂ ಗುಂಡು ಇಂಥ ಹಲಗೆಗಳನ್ನು ಒಂದರ ಹಿಂದೆ ಒಂದರಂತೆ ದಾಟಿಕೊಂಡು ಹೋಗುತ್ತದೆ. ಮೂತಿ ಟೊಳ್ಳಾದ ಗುಂಡು ಮೈಗೆ ಹೊಕ್ಕರೆ ಅರಳಿ ನಿಧಾನವಾಗುತ್ತದೆಂದು ಅದನ್ನೇ ಎಲ್ಲರೂ ಹೇಳುತ್ತಾರೆ, ಹೇಳುವುದು ಸರಿಯೇ; ಆದರೆ ಅದು ಮೈಗೆ ತಾಗಿದರೆ ಮಾತ್ರ. ಗುರಿ ತಪ್ಪಿ ಜಿಪ್ಸಮ್ಮಿಗೆ ಹೊಕ್ಕಾಗ ಆ ಟೊಳ್ಳಿನೊಳಗೆ ಪುಡಿ ತುಂಬಿಕೊಂಡು ಅರಳದೆಯೇ ಮುಂದೆ ಸಾಗಬಹುದು. ಮನುಷ್ಯನನ್ನು ನಿಲ್ಲಿಸುವಷ್ಟು ಬಲವಿರುವ ಗುಂಡು ಯಾವುದೇ ಇರಲಿ, ಅದು ನಮ್ಮ ದೇವರ ಗೂಡಿಗೂ ಬರುತ್ತದೆ. ಇಷ್ಟು ತಿಳಿದ ಮೇಲೆ ಮಿಕ್ಕದ್ದೆಲ್ಲ ಚೌಕಾಸಿ.

ಅಜ್ಜ ಮೊದಲು ತೆಗೆದದ್ದು ಐದು ಗುಂಡಿನ .38 ರಿವಾಲ್ವರ್. ಪುಟ್ಟದು, ಸರಳ, ಕುದುರೆ ಎಳೆದರೆ ಹಾರುತ್ತದೆ, ಸಿಕ್ಕಿಕೊಳ್ಳುವ ಭಾಗ ಕಡಿಮೆ. ಹೊಸಬರಿಗೆ ಇದೇ ವಾಸಿ ಎಂದು ಎಲ್ಲರೂ ಕೊಡಿಸುತ್ತಾರೆ, ಮುಖ್ಯವಾಗಿ ಹೆಂಗಸರಿಗೆ. ನನಗೆ ಇದು ಒಪ್ಪಿಗೆಯಿಲ್ಲ. ಅದರ ಕುದುರೆ ಬಿಗಿ, ನಳಿಗೆ ಗಿಡ್ಡ, ಹಗುರವಾದಷ್ಟೂ ಒದೆತ ಹೆಚ್ಚು. ಹೊಸಬನ ಕೈಯಲ್ಲಿ ಗುರಿ ತಪ್ಪುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ, ಮತ್ತು ಗುರಿ ತಪ್ಪಿದ್ದೆಲ್ಲ ನನ್ನ ಪಾಲಿಗೆ.

ಎರಡನೆಯದು 9 ಎಂಎಂ, ಗ್ಲಾಕ್ 19. ಹದಿನೈದು ಗುಂಡು, ಒದೆತ ಕಮ್ಮಿ, ಹೊಸಬನೂ ನಾಲ್ಕು ದಿನ ಅಭ್ಯಾಸ ಮಾಡಿದರೆ ಕಾಗದಕ್ಕೆ ತಾಗಿಸುತ್ತಾನೆ. ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಗುಂಡಿ ಮಾತ್ರ ಇದಕ್ಕಿಲ್ಲ. ಬೆರಳು ಕುದುರೆಯ ಮೇಲೆ ಹೋಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಕೈಬಂದೂಕೇ ಮನೆಗೆ ಸರಿಯೆಂದು ಇಲ್ಲಿನ ಸುಪ್ರೀಂ ಕೋರ್ಟೂ ಬರೆದಿದೆ. 2008ರ ಹೆಲ್ಲರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ಜನ ಪಿಸ್ತೂಲನ್ನೇ ಏಕೆ ಬಯಸುತ್ತಾರೆ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಒಂದು ಕೈಯಲ್ಲಿ ಅದನ್ನು ಕಳ್ಳನಿಗೆ ಹಿಡಿದು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಬಹುದು ಎಂಬುದು. ರಾಯರು ಇದನ್ನು ಮನೆಯಲ್ಲಿ ಹೇಳಿದಾಗ ವೈನಿ ಕೇಳಿದರಂತೆ, “ಮತ್ತ ಲುಂಗಿ ಯಾರು ಹಿಡ್ಕೋಬೇಕು?”

ಮೂರನೆಯದು 12 ಗೇಜಿನ ಪಂಪ್ ಶಾಟ್‌ಗನ್. ಇದರ ಸುತ್ತ ಕಟ್ಟಿರುವ ಕಥೆಗಳಿಗೆ ಲೆಕ್ಕವಿಲ್ಲ. ಕತ್ತಲಲ್ಲಿ ಅದನ್ನು ‘ಕಚಕ್’ ಎಂದು ಎಳೆದ ಸದ್ದು ಕೇಳಿದರೇ ಕಳ್ಳ ಓಡುತ್ತಾನಂತೆ. ಸದ್ದೇ ಸಾಕಾದರೆ ಅದನ್ನು ಫೋನಿನಲ್ಲಿ ಹಾಕಿಕೊಂಡರಾಗದೇ, ಸುಮ್ಮನೆ ನಾನೂರು ಡಾಲರ್ ಯಾಕೆ? ಗುರಿ ಹಿಡಿಯುವುದೇ ಬೇಡ, ಚರೆ ಅಗಲಕ್ಕೆ ಚೆಲ್ಲುತ್ತದೆ ಎಂಬುದು ಇನ್ನೊಂದು. ನಮ್ಮ ಹಾಲಿನಷ್ಟು ದೂರಕ್ಕೆ ಅದು ಚೆಲ್ಲುವುದು ಅಂಗೈ ಅಗಲ, ಹೆಚ್ಚೆಂದರೆ. ಮನೆಗೆಂದು ಹಾಕುವ ಡಬಲ್ ಆಟ್ ಚರೆಯ ತೋಟೆಯಲ್ಲಿ ಎಂಟೋ ಒಂಬತ್ತೋ ಸೀಸದ ಉಂಡೆಗಳು, ಒಂದೊಂದೂ 8 ಮಿಲಿಮೀಟರಿಗಿಂತ ದಪ್ಪ. ಅವೂ ಗೋಡೆ ದಾಟುತ್ತವೆ, ಒಟ್ಟೊಟ್ಟಿಗೆ. ಹಕ್ಕಿ ಹೊಡೆಯುವ ಸಣ್ಣ ಚರೆ ಹಾಕಿ ಎಂದು ನಾನು ಬಹಳ ಆಸೆಯಿಂದ ಸೂಚಿಸಿದೆ. ಅದು ಗೋಡೆಗೂ ಕಮ್ಮಿ, ಕಳ್ಳನಿಗೂ ಕಮ್ಮಿ ಎಂದ ಅಜ್ಜ.

ಶಾಟ್‌ಗನ್ ವಿಷಯಕ್ಕೆ ಬಂದಾಗ ಜೋ ಬೈಡನ್ ನೆನಪಾಗಲೇಬೇಕು. 2013ರಲ್ಲಿ, ಉಪಾಧ್ಯಕ್ಷರಾಗಿದ್ದಾಗ, ತಮ್ಮ ಹೆಂಡತಿಗೆ ಕೊಟ್ಟ ಸಲಹೆಯನ್ನು ದೇಶಕ್ಕೆಲ್ಲ ಹೇಳಿದ್ದರು: ಏನಾದರೂ ತೊಂದರೆಯಾದರೆ ಜೋಡುನಳಿಗೆ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಎರಡು ಸಲ ಹಾರಿಸು. ಡೆಲವೇರಿನಲ್ಲಿ ಅವರ ಬಾಲ್ಕನಿಯ ಮುಂದೆ ಏನಿದೆಯೋ. ನಮ್ಮ ಬಾಲ್ಕನಿಯ ಮುಂದೆ ಈಜುಕೊಳ, ಮಕ್ಕಳ ಜಾರುಬಂಡಿ, ಪಕ್ಕದಲ್ಲಿ ನಾನು.

ಕೊನೆಯದು ಎಆರ್-15. ಹೆಸರು ಕೇಳಿದರೇ ಎದೆ ಝಲ್ಲೆನ್ನುವ ರೈಫಲ್ಲನ್ನು ಅಪಾರ್ಟ್‌ಮೆಂಟಿಗೆ ಹೇಳುವವರಿದ್ದಾರೆ, ಅವರ ವಾದ ಪೂರಾ ಪೊಳ್ಳೂ ಅಲ್ಲ. ಗುಂಡು ಸಣ್ಣದು, ಹಗುರ, ವೇಗ ವಿಪರೀತ. ಹಲಗೆಗೆ ತಾಗಿದಾಗ ಮಗುಚಿಕೊಂಡು ಚೂರಾಗುವ ಸ್ವಭಾವ. ಸರಿಯಾದ ಗುಂಡು ಆರಿಸಿದರೆ ಪಿಸ್ತೂಲಿಗಿಂತ ಕಡಿಮೆ ಗೋಡೆ ದಾಟುವುದೂ ಉಂಟು. ಕಡಿಮೆ ಎಂದರೆ ಶೂನ್ಯವಲ್ಲ. ನಾನಿರುವುದು ಮೊದಲನೆಯ ಗೋಡೆಯಾಚೆ. ಮೇಲಾಗಿ 1934ರ ಕಾನೂನಿನ ಪ್ರಕಾರ, ಬೇರೆ ನೋಂದಣಿಯಿಲ್ಲದೆ ಇಟ್ಟುಕೊಳ್ಳುವ ರೈಫಲ್ಲಿನ ನಳಿಗೆ 16 ಇಂಚಿಗೆ, ಶಾಟ್‌ಗನ್ನಿನದು 18ಕ್ಕೆ ಕಡಿಮೆಯಿರುವಂತಿಲ್ಲ. ಅಷ್ಟುದ್ದದ್ದನ್ನು ಹಿಡಿದುಕೊಂಡು ನಮ್ಮ ಮಲಗುವ ಕೋಣೆಯಿಂದ ಹಾಲಿಗೆ ತಿರುಗಬೇಕಾದರೆ ಮೊದಲು ಬಟ್ಟೆ ಒಣಗಿಸುವ ಸ್ಟ್ಯಾಂಡು ಮಡಚಬೇಕು.

ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಹೊಡೆದು ನೋಡಬಹುದು. ಅದು ಒಳ್ಳೆಯ ಪದ್ಧತಿ, ಹೊಸಬರೆಲ್ಲ ಮಾಡಬೇಕಾದದ್ದು. ಶೂಟಿಂಗ್ ರೇಂಜಿಗೆ ಹೋದೆವು. ಕಿವಿಗೆ ಸ್ಪಂಜಿನ ಬೆಣೆ, ಅದರ ಮೇಲೆ ಮುಚ್ಚಳ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ. ಇಷ್ಟೆಲ್ಲ ತೊಟ್ಟರೂ ಪಕ್ಕದ ಕಟ್ಟೆಯಲ್ಲಿ ಯಾರೋ ಹಾರಿಸಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. 140 ಡೆಸಿಬಲ್ ದಾಟಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಲ್ಲದು; ಬಂದೂಕಿನದು ಸಾಮಾನ್ಯವಾಗಿ ಅದರ ಮೇಲೆಯೇ. ಮಧ್ಯರಾತ್ರಿ ಮುಚ್ಚಿದ ಕೋಣೆಯಲ್ಲಿ ಯಾರು ಕಿವಿಗೆ ಮುಚ್ಚಳ ಹಾಕಿಕೊಂಡು ಮಲಗಿರುತ್ತಾರೆ? ರಾಯರು ಗ್ಲಾಕ್ ಎತ್ತಿ, ಉಸಿರು ಹಿಡಿದು, ಎರಡು ಸಲ ಹಾರಿಸಿದರು. ಎರಡನೆಯದರ ಖಾಲಿ ಹಿತ್ತಾಳೆ ಕೊಳವೆ ಹಾರಿಬಂದು ಸೀದಾ ಅವರ ಅಂಗಿಯ ಕಾಲರಿನೊಳಗೆ ಇಳಿಯಿತು. ಆಗಷ್ಟೇ ಹಾರಿದ ತೋಟೆಯ ಹಿತ್ತಾಳೆ ಒಲೆಯ ಮೇಲಿಂದ ಇಳಿಸಿದಷ್ಟು ಸುಡುತ್ತದೆ. ರಾಯರು “ಅಯ್ಯಯ್ಯಪ್ಪ” ಎನ್ನುತ್ತ ಎಡಗೈಯನ್ನು ಅಂಗಿಗೆ ತುರುಕಿದರು, ಬಲಗೈಯ ಪಿಸ್ತೂಲು ಅವರೊಂದಿಗೇ ತಿರುಗತೊಡಗಿತು. ಅಲ್ಲಿದ್ದ ಹೆಂಗಸು, ಮೇಲ್ವಿಚಾರಕಿ, ಅದೆಲ್ಲಿಂದ ಬಂದಳೋ, ಅವರ ಮಣಿಕಟ್ಟನ್ನು ಹಿಡಿದು ಮೂತಿಯನ್ನು ಗುರಿಯ ಕಡೆಗೇ ಒತ್ತಿ ನಿಲ್ಲಿಸಿದಳು. ಬೈಯಲಿಲ್ಲ. “ಬೆರಳು ಹೊರಗಿದೆ, ಅದೊಂದು ಒಳ್ಳೆಯದು” ಎಂದಳು. ಪಕ್ಕದ ಮನೆಯವನಾಗಿ ನಾನು ಆ ಬೆರಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹಿಂದಿರುಗುವಾಗ ಕಾರಿನಲ್ಲಿ ನಾನು 2018ರ ಸಂಗತಿ ಎತ್ತಿದೆ. ನಮ್ಮ ಡಲ್ಲಾಸಿನದೇ. ಆ ಸೆಪ್ಟೆಂಬರಿನ ಒಂದು ರಾತ್ರಿ ಪೊಲೀಸ್ ಅಧಿಕಾರಿಣಿಯೊಬ್ಬಳು ದೀರ್ಘ ಪಾಳಿ ಮುಗಿಸಿ ತನ್ನ ಅಪಾರ್ಟ್‌ಮೆಂಟಿಗೆ ಬಂದಳು. ಅವಳ ಮನೆ ಮೂರನೆಯ ಮಹಡಿ, ಕಾರು ನಿಲ್ಲಿಸಿದ್ದು ನಾಲ್ಕರಲ್ಲಿ. ಬಾಗಿಲುಗಳೆಲ್ಲ ಒಂದೇ ಥರ. ಆ ಬಾಗಿಲ ಮುಂದೆ ಕೆಂಪು ಕಾಲೊರಸು ಇತ್ತು, ಅವಳ ಬಾಗಿಲಿಗೆ ಇರಲಿಲ್ಲ, ಗಮನಿಸಲಿಲ್ಲ. ಒಳಗೆ ಕತ್ತಲಲ್ಲಿ ಯಾರೋ ಇದ್ದಾರೆ, ಕಳ್ಳ ಎಂದುಕೊಂಡು ಹಾರಿಸಿದಳು. ಸತ್ತವನು 26ರ ಹುಡುಗ, ಲೆಕ್ಕಪತ್ರದ ಕೆಲಸದವನು, ತನ್ನ ಸ್ವಂತ ಮನೆಯಲ್ಲಿ ಐಸ್‌ಕ್ರೀಮ್ ತಿನ್ನುತ್ತ ಕೂತಿದ್ದ. 2019ರಲ್ಲಿ ಕೊಲೆಯ ಅಪರಾಧ ಸಾಬೀತಾಗಿ ಅವಳಿಗೆ ಹತ್ತು ವರ್ಷವಾಯಿತು. ತರಬೇತಿ ಪಡೆದವಳು, ದಿನವೂ ಸೊಂಟಕ್ಕೆ ಪಿಸ್ತೂಲು ಕಟ್ಟುವವಳು.

ರಾಯರು ಮಾತಾಡಲಿಲ್ಲ. ಅವರಿಗೆ ಏನು ನೆನಪಾಯಿತೆಂದು ನನಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ಅವರ ತಂದೆ ಬೆಳಗಿನ ನಡಿಗೆ ಮುಗಿಸಿ ನಮ್ಮದೆಂದುಕೊಂಡು ಆಚೆ ಕಟ್ಟಡ ಹೊಕ್ಕು, ಯಾರದೋ ಬಾಗಿಲಿಗೆ ಕೀಲಿ ತುರುಕಿ, ತಿರುಗದಿದ್ದಾಗ “ಏ, ಬಾಗಲಾ ತೆಗಿಯೋ” ಎಂದು ಗುದ್ದಿದ್ದರು. ಬಾಗಿಲು ತೆಗೆದ ಆ ಮನೆಯಾತ ಅವರಿಗೆ ನೀರು ಕೊಟ್ಟು, ತೋಳು ಹಿಡಿದು ನಮ್ಮ ಮೆಟ್ಟಿಲ ತನಕ ಕರೆತಂದ. ಅವನ ಮನೆಯಲ್ಲಿ ಏನೇನು ಇದೆಯೋ ನಾವು ಯಾರೂ ಕೇಳಿಲ್ಲ.

ಮನೆಯಲ್ಲಿ ಇಡುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಹೇಳಿದವರು ವೈನಿ. ರಾಯರ ಮಗ ಒಂಬತ್ತನೇ ತರಗತಿ. ಹದಿನೇಳರೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಬಂದೂಕಿನ ಈ ಸ್ವರ್ಗದಲ್ಲೂ ಅಪರಾಧ. ಬೆರಳಚ್ಚಿಗೆ ತೆರೆಯುವ ಉಕ್ಕಿನ ಡಬ್ಬಿ ಇದೆ ಎಂದರು ರಾಯರು. “ಇವರಿಗೆ ರಾತ್ರಿ ಎದ್ದರ ಕನ್ನಡಕಾನೇ ಸಿಗೂದಿಲ್ಲ ಗೌಡ್ರ. ಮೈನಸ್ ಆರು ನಂಬರು. ಕನ್ನಡಕ ಹುಡುಕಿ, ಡಬ್ಬಿ ಹುಡುಕಿ, ಬೆರಳು ಒರೆಸಿ ಇಡೂತನಕ ಕಳ್ಳ ಏನ್ ಮಾಡಬೇಕು? ಅವಗ ನಾ ಒಂದು ಕಪ್ ಚಹಾ ಮಾಡಿ ಕೊಡ್ಲೇನು?” ಎಂದರು. ನಗು ಮುಗಿದ ಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: ಹುಡುಗ ಪರೀಕ್ಷೆ ಕೆಟ್ಟರೆ ಎರಡು ದಿನ ಕೋಣೆಯ ಬಾಗಿಲು ತೆಗೆಯುವುದಿಲ್ಲ. ಆ ಮಾತಿಗೆ ರಾಯರ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ. 2021ರಲ್ಲಿ ಈ ದೇಶದಲ್ಲಿ ಗುಂಡಿಗೆ ಸತ್ತವರು 48,830. ಅವರಲ್ಲಿ 26,328 ಜನ ಹಾರಿಸಿಕೊಂಡದ್ದು ತಮ್ಮ ಮೇಲೆಯೇ. ಬಂದೂಕಿನ ಅಂಗಡಿಯ ಗಾಜಿನ ಮೇಲೆ ಈ ಸಂಖ್ಯೆ ಯಾರೂ ಅಂಟಿಸುವುದಿಲ್ಲ.

ಹಾಗೆಂದು ಕಳ್ಳ ಸುಳ್ಳಲ್ಲ. ಅವನು ಬರುವುದು ಬಾಗಿಲಿನಿಂದ, ಮತ್ತು ಬಾಗಿಲಿನ ವಿಷಯದಲ್ಲಿ ನಾನು ರಾಯರಿಗೆ ನಿಜಕ್ಕೂ ಉಪಯೋಗಕ್ಕೆ ಬಂದೆ. ನಮ್ಮ ಬಾಗಿಲ ಚೌಕಟ್ಟಿನಲ್ಲಿ ಅಗುಳಿ ಕೂರುವ ಕಬ್ಬಿಣದ ಪಟ್ಟಿಯನ್ನು ಬಿಚ್ಚಿ ತೋರಿಸಿದೆ: ಮುಕ್ಕಾಲು ಇಂಚಿನ ಸ್ಕ್ರೂ. ಭುಜ ಕೊಟ್ಟು ಗುದ್ದಿದರೆ ಒಡೆಯುವುದು ಬೀಗವಲ್ಲ, ಈ ಸ್ಕ್ರೂ ಹಿಡಿದಿರುವ ತೆಳು ಮರ. ಮೂರಿಂಚಿನದು ಹಾಕಿದರೆ ಚೌಕಟ್ಟು ದಾಟಿ ಒಳಗಿನ ಕಂಬಕ್ಕೆ ಹಿಡಿಯುತ್ತದೆ. ಬಾಲ್ಕನಿಯ ಜಾರುಬಾಗಿಲಿಗೆ ಪೊರಕೆಯ ಕೋಲು ಕತ್ತರಿಸಿ ಹಳಿಯಲ್ಲಿಟ್ಟರೂ ಆಗುತ್ತದೆ. ಆದರೆ ಅದಕ್ಕೆ ಪಿನ್ ಬೀಗ, ಮುಂಬಾಗಿಲಿಗೆ ಒಳಗಿನಿಂದಷ್ಟೇ ಹಾಕುವ ಅಗುಳಿ, ಇಣುಕುಗಂಡಿ, ಇವನ್ನೆಲ್ಲ ತನ್ನ ಖರ್ಚಿನಲ್ಲಿ ಹಾಕಿಸಿಕೊಡುವುದು ಟೆಕ್ಸಾಸಿನಲ್ಲಿ ಮನೆ ಮಾಲೀಕನ ಕರ್ತವ್ಯ. ಹೊಸ ಬಾಡಿಗೆದಾರ ಬಂದ ಏಳು ದಿನದೊಳಗೆ ಬೀಗದ ಕೀಲಿಯನ್ನೂ ಬದಲಿಸಬೇಕು. ಬಂದೂಕಿನ ಕಾನೂನು ತಲೆಕೆಳಗಾಗಿ ಓದಿದ್ದ ರಾಯರು ಇದನ್ನು ಕೇಳೇ ಇರಲಿಲ್ಲ. ಶನಿವಾರ ನನ್ನ ಡ್ರಿಲ್ ತೆಗೆದುಕೊಂಡು ಹೋಗಿ ತಾವೇ ಸ್ಕ್ರೂ ಹಾಕಿದರು. ಒಂದು ವಕ್ರವಾಗಿದೆ, ಗಟ್ಟಿಯಾಗಿದೆ.

ಬಂದೂಕಿನ ಆಸೆ ಮಾತ್ರ ಪೂರಾ ಹೋಗಿಲ್ಲ. ಕೊಳ್ಳುವುದೇ ಆದರೆ ಮಂಚವನ್ನು ಎದುರಿನ ಗೋಡೆಗೆ ಹಾಕಿ, ಮೂತಿ ಇಟ್ಟಿಗೆಯ ಹೊರಗೋಡೆಯ ಕಡೆ ಇರುವಂತೆ, ಎಂದು ನಾನು ನಕ್ಷೆ ಬರೆದು ಕೊಟ್ಟಿದ್ದೇನೆ. ಅವರು ನಿರ್ಧರಿಸುವವರೆಗೆ ನನ್ನ ಕಡೆಯ ಸಿದ್ಧತೆ ನಾನು ಮಾಡಿಕೊಳ್ಳಬೇಕಲ್ಲ. ದೇವರ ಗೂಡನ್ನು ಅಡುಗೆಮನೆಗೆ ಸರಿಸಿ, ಆ ಜಾಗಕ್ಕೆ ಪುಸ್ತಕದ ಕಪಾಟು ತಂದು ಗೋಡೆಗೆ ಒತ್ತಿ ನಿಲ್ಲಿಸಿದೆ. ಒತ್ತಾಗಿ ಜೋಡಿಸಿದ ಕಾಗದ ಪಿಸ್ತೂಲಿನ ಗುಂಡಿಗೆ ಜಿಪ್ಸಮ್ ಹಲಗೆಗಿಂತ ಎಷ್ಟೋ ದೊಡ್ಡ ಅಡ್ಡಿ. ಕಾದಂಬರಿಗಳನ್ನು ಮೇಲಿನ ಸಾಲಿಗೆ ಇಟ್ಟೆ. ಮಂಚದ ಎತ್ತರಕ್ಕೆ ಸರಿಯಾಗಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಎಂಟೂ ಸಂಪುಟ. ಅತ್ತೆಯ ಉಪ್ಪಿನಕಾಯಿಯ ಡಬ್ಬ ತೆಗೆಸಿ ನಿಘಂಟನ್ನು ಸೂಟ್‌ಕೇಸಿಗೆ ಹಾಕಿಕೊಂಡು ಬಂದದ್ದಕ್ಕೆ ಹೆಂಡತಿಯಿಂದ ಇಷ್ಟು ದಿನ ಮಾತು ಕೇಳಿಸಿಕೊಳ್ಳುತ್ತಿದ್ದೆ, ಈಗ ಮೊದಲ ಸಲ ಅವಳು ಅದರ ಧೂಳು ಒರೆಸಿದಳು.

ನಿನ್ನೆ ರಾಯರು ಪಟ್ಟಿಯ ಸಂದಿಯಿಂದ ಕರೆದರು. ರಾಜ್ಯೋತ್ಸವಕ್ಕೆ ಭಾಷಣವಿದೆಯಂತೆ. “ಗೌಡ್ರ, ಆ ನಿಘಂಟಿನ ನಾಕನೇ ಸಂಪುಟ ಒಂದು ವಾರ ಕೊಡ್ರಿ.”

“ಮೊದಲು ಅದು ನೈನ್ ಎಂಎಮ್ಮೋ ಟ್ವೆಲ್ವ್ ಗೇಜೋ ಹೇಳಿ ರಾಯರೇ,” ಎಂದೆ. “ಆಮೇಲೆ ಕೊಡೋಣ.”